ಕಥೆ ಮುಗಿದ ಮೇಲಿನ ಪುಟಗಳು



ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮಡಿಕೇರಿಯ ಮನೆಯೊಳಗೆ ಕುಳಿತು ನಾವು ಜಾರ್ಜ್ ಆರ್ವೆಲ್ಲರ 'ನೈನ್‌ಟೀನ್ ಎಯ್ಟಿಫೋರ್' ಎಂಬ ಕಾದಂಬರಿಯನ್ನು ಓದಿ ಮುಗಿಸಿದೆವು. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಜನಿಸಿದ ಈ ಆಂಗ್ಲ ಲೇಖಕರ ಈ ಗ್ರಂಥವು 1949ರಲ್ಲಿ ಪ್ರಕಟವಾಯಿತು. ಅದರ ಮುಕ್ತಾಯವು ಓದಿದವರ ನಿದ್ರೆಯನ್ನು ಕೆಡಿಸತಕ್ಕುದು.

ಕಥಾನಾಯಕನಾದ ವಿನ್‌ಸ್ಟನ್ ಸ್ಮಿತ್ತನಿಗೆ ಸರ್ಕಾರದ ಕಚೇರಿಯಲ್ಲಿ ಹಳೆಯ ವೃತ್ತಪತ್ರಿಕೆಗಳನ್ನು ತಿದ್ದುವ ಉದ್ಯೋಗ. ನಿನ್ನೆ ನಡೆದುದನ್ನು ಇಂದಿನ ಅಧಿಕಾರಕ್ಕೆ ಒಪ್ಪುವಂತೆ ಮಾರ್ಪಡಿಸುವುದೇ ಅಲ್ಲಿನ ರಾಜನೀತಿ. ತನ್ನ ನೆನಪನ್ನಾದರೂ ಉಳಿಸಿಕೊಳ್ಳಬೇಕೆಂದು ಅವನು ಗುಟ್ಟಾಗಿ ದಿನಚರಿ ಬರೆಯುತ್ತಾನೆ; ಸಿಕ್ಕಿಬಿದ್ದು ಚಿತ್ರಹಿಂಸೆಗೆ ಗುರಿಯಾಗುತ್ತಾನೆ. ಅವನನ್ನು ಕೊಲ್ಲುವರೆಂದು ನಾವು ಅಂಜಿದ್ದೆವು. ನಡೆದುದು ಅದಕ್ಕಿಂತಲೂ ಘೋರ. ಬಿಡುಗಡೆಯಾದ ಅವನು ಪಾನಗೃಹವೊಂದರ ಮೂಲೆಯಲ್ಲಿ ಕಣ್ಣೀರು ಸುರಿಸುತ್ತ, ತನ್ನನ್ನು ತುಳಿದ 'ಹಿರಿಯಣ್ಣ'ನನ್ನೇ ಮನಸಾರೆ ಪ್ರೀತಿಸತೊಡಗುತ್ತಾನೆ.

ಮನುಷ್ಯನ ಮನಸ್ಸು ಇಷ್ಟು ದುರ್ಬಲವೆ ಎಂದು ಬಹಳ ಹೊತ್ತು ಚಿಂತಿಸಿದೆವು. ಮರುದಿನ ಮತ್ತೆ ತೆರೆದಾಗ, ಕಥೆಯ ಬಳಿಕ ಅನುಬಂಧವೊಂದು ಇರುವುದು ಕಂಡಿತು. ಶಬ್ದಗಳನ್ನು ಕಡಿಮೆಮಾಡಿ, ಎದುರಾಡುವ ಯೋಚನೆಯೇ ಹುಟ್ಟದಂತೆ ಆ ಸರ್ಕಾರವು ಕಟ್ಟಿದ 'ಹೊಸನುಡಿ'ಯ ವಿವರಣೆ ಅದು. ಆದರೆ ಅದು ಭೂತಕಾಲದಲ್ಲಿದೆ. ಸಹಜವಾದ ಹಳೆಯ ಇಂಗ್ಲಿಷಿನಲ್ಲಿದೆ. ಹಾಗಿದ್ದರೆ ಆ ಪ್ರಭುತ್ವವು ಅಳಿದು, ನುಡಿ ಉಳಿಯಿತೆಂದು ಅರ್ಥವಾಗುವುದಿಲ್ಲವೆ? ಅಮೆರಿಕದ ಪುಸ್ತಕ ಸಂಘವೊಂದು ಈ ಅನುಬಂಧವನ್ನು ಬಿಡಬೇಕೆಂದಾಗ ಆರ್ವೆಲ್ಲರು ಒಪ್ಪಲಿಲ್ಲ.

ಅದನ್ನು ಓದುತ್ತ ನಮ್ಮ ಮನಸ್ಸು ಕೊಡಗಿನ ಕಡೆಗೇ ಹರಿಯಿತು. ಕೊಡವ ತಕ್ಕಿನ ಹಾಡುಗಳು ಬಹುಕಾಲ ಬರವಣಿಗೆಯ ಆಸರೆಯಿಲ್ಲದೆಯೇ ಬದುಕಿದುವು. ದುಡಿ ಬಾರಿಸುತ್ತ ನಾಲ್ವರು ಕೂಡಿ ಹಾಡುವುದು ಇಲ್ಲಿಯ ವಾಡಿಕೆ. ಒಬ್ಬನು ಮರೆತರೆ ಇನ್ನೊಬ್ಬನು ಎತ್ತಿಕೊಡುವನು. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಈ ಹಾಡುಗಳನ್ನೂ ನಾಡಿನ ಪದ್ಧತಿಗಳನ್ನೂ ಸಂಗ್ರಹಿಸಿ, 1924ರಲ್ಲಿ ಕನ್ನಡ ಲಿಪಿಯಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದರು. ವಿನ್‌ಸ್ಟನ್ನನಿಗೆ ಇಂಥ ಕೂಟವಿರಲಿಲ್ಲ. ಜೊತೆಗಿದ್ದ ಒಬ್ಬ ಗೆಳತಿಯನ್ನೂ ಹಿಂಸೆಗೆ ಅಂಜಿ ಬಿಟ್ಟುಕೊಟ್ಟನು. ನೆನಪು ಒಬ್ಬನಲ್ಲಿಯೇ ಇದ್ದುದರಿಂದ, ಆ ಒಬ್ಬನನ್ನು ಮುರಿದೊಡನೆ ಅದೂ ಮುರಿಯಿತು.

ಇಷ್ಟರಿಂದ ನಾವು ನಿಶ್ಚಿಂತರಾಗಿರುವಂತಿಲ್ಲ. ಅಳಿಯುವ ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿ ಯುನೆಸ್ಕೋ ಸಂಸ್ಥೆಯು 2009ರಲ್ಲಿ ಕೊಡವ ಭಾಷೆಯನ್ನೂ ಸೇರಿಸಿತು. ಇಲ್ಲಿ ಯಾವ ಹಿರಿಯಣ್ಣನೂ ನಿಘಂಟಿನಿಂದ ಪದಗಳನ್ನು ಕಿತ್ತುಹಾಕುತ್ತಿಲ್ಲ. ಮನೆಯ ಮಕ್ಕಳೊಡನೆ ಆಡದೆ ಬಿಟ್ಟ ಮಾತು ತಾನಾಗಿಯೇ ಹೊರಟುಹೋಗುತ್ತದೆ. ಮುಂದಿನ ಹುತ್ತರಿಯಲ್ಲಿ ದುಡಿಯ ಸದ್ದು ಕಿವಿಗೆ ಬಿದ್ದಾಗ, ಹಾಡುವ ಆ ನಾಲ್ವರಲ್ಲಿ ಒಬ್ಬನಾದರೂ ಎಳೆಯನಿದ್ದಾನೆಯೆ ಎಂದು ತಾವು ದಯವಿಟ್ಟು ನೋಡಬೇಕು.