ಜೀವಂತ ಮಾದರಿಯ ಮುಂದೆ: ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕನ್ ಚಿತ್ರಕಾರರ ಕಲಿಕೆ

ಅಮೆರಿಕದ ಕಲಾಶಾಲೆಗಳಲ್ಲೆಲ್ಲ ಹಳೆಯದು ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿ. 1805ರಲ್ಲಿ ಸ್ಥಾಪನೆಯಾದ ಇಲ್ಲಿ ಕಲಿಕೆಗೆ ಯುರೋಪಿನಿಂದ ಬಂದ ಒಂದು ಕ್ರಮವಿತ್ತು. ವಿದ್ಯಾರ್ಥಿ ಮೊದಲು ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಕೃತಿಗಳ ಮುಂದೆ ಕೂತು ಅವುಗಳ ರೇಖೆ, ಬೆಳಕು, ನೆರಳುಗಳನ್ನು ತಿದ್ದಬೇಕು. ಕೈ ಪಳಗಿದ ಮೇಲಷ್ಟೇ ಬೆತ್ತಲೆ ಮಾದರಿ ನಿಲ್ಲುವ ಕೋಣೆಗೆ ಪ್ರವೇಶ. ಆ ಕಾಲದಲ್ಲಿ ದೊಡ್ಡ ಚಿತ್ರವೆಂದರೆ ಮನುಷ್ಯಾಕೃತಿಗಳಿರುವ ಚಿತ್ರ. ಹೀಗಾಗಿ ಜೀವಂತ ದೇಹವನ್ನು ನೋಡಿ ಬರೆಯುವ ಅವಕಾಶ ಯಾರಿಗೆ, ಎಲ್ಲಿ ಸಿಕ್ಕಿತು ಎಂಬುದು ಒಂದು ಇಡೀ ತಲೆಮಾರಿನ ಬದುಕಿನ ದಾರಿಯನ್ನೇ ನಿರ್ಧರಿಸಿತು.

ಮೇರಿ ಕಸಾಟ್ ಈ ಅಕಾಡೆಮಿಗೆ ಸೇರಿದ್ದು 1860ರಲ್ಲಿ. ಹೆಣ್ಣುಮಕ್ಕಳಿಗಾಗಿಯೇ ಜೀವಂತ ಮಾದರಿಯ ತರಗತಿ ಅಲ್ಲಿ ಆರಂಭವಾದದ್ದು 1868ರಲ್ಲಿ. ಅಷ್ಟು ಹೊತ್ತಿಗೆ ಆಕೆ ಪ್ಯಾರಿಸ್‌ನಲ್ಲಿದ್ದಳು. ಪ್ಯಾರಿಸ್‌ನ ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೋಜಾರ್ ಕೂಡ 1897ರವರೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ಅಲ್ಲಿನ ಪ್ರಾಧ್ಯಾಪಕ ಜೆರೋಮ್ ಬಳಿ ಕಸಾಟ್ ಖಾಸಗಿಯಾಗಿ ಪಾಠ ಹೇಳಿಸಿಕೊಂಡಳು. ಲೂವ್ರ್ ಸಂಗ್ರಹಾಲಯದಲ್ಲಿ ಹಳೆಯ ಗುರುಗಳ ಚಿತ್ರಗಳ ಎದುರು ನಿಂತು ನಕಲು ಮಾಡಿ ಕೈ ತಿದ್ದಿಕೊಂಡಳು. ಪ್ಯಾರಿಸ್‌ನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ಗೆ 1868ರಲ್ಲಿ ಅವಳ ಚಿತ್ರ ಆಯ್ಕೆಯಾಯಿತು. 1877ರಲ್ಲಿ ಚಿತ್ರಕಾರ ಡೆಗಾ ಕರೆದ ಮೇಲೆ ಇಂಪ್ರೆಷನಿಸ್ಟ್ ಚಿತ್ರಕಾರರ ಗುಂಪು ಸೇರಿ, 1879ರಲ್ಲಿ ಅವರೊಂದಿಗೆ ಪ್ರದರ್ಶಿಸಿದಳು. ತಾಯಿ, ಮಗು, ಚಹಾದ ಮೇಜು, ನಾಟಕಶಾಲೆಯ ಬಾಲ್ಕನಿ ಇವು ಅವಳ ವಸ್ತುಗಳಾದವು. ಇದನ್ನು ಹೆಣ್ಣಿನ ಸಹಜ ಒಲವೆಂದು ಹೇಳಿ ಮುಗಿಸುವುದು ಅನ್ಯಾಯ. ಗಂಡಸರಿಗೆ ತೆರೆದಿದ್ದ ತರಗತಿಯೂ ಕಾಫಿ ಮನೆಯೂ ಅವಳಿಗೆ ಮುಚ್ಚಿದ್ದವು. ತೆರೆದಿದ್ದ ಜಾಗವನ್ನೇ ಅವಳು ಆಳವಾಗಿ ನೋಡಿದಳು.

ಕಸಾಟ್ ಹುಟ್ಟಿದ 1844ರಲ್ಲೇ ಹುಟ್ಟಿದ ಥಾಮಸ್ ಈಕಿನ್ಸ್‌ಗೆ ಅದೇ ಬಾಗಿಲುಗಳು ತೆರೆದಿದ್ದವು. ತಂದೆ ಸುಂದರ ಬರವಣಿಗೆ ಕಲಿಸುತ್ತಿದ್ದ ಮೇಷ್ಟ್ರು. ಮಗನ ಓದಿನ ಖರ್ಚು ಹೊತ್ತವರು ಅವರೇ. ಅಕಾಡೆಮಿಯಲ್ಲಿ ಕಲಿಯುತ್ತಲೇ ಈಕಿನ್ಸ್ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆಯ ಪಾಠಗಳಿಗೂ ಹೋದ. 1866ರಲ್ಲಿ ಪ್ಯಾರಿಸ್‌ಗೆ ಹೋಗಿ ಜೆರೋಮ್‌ನ ಶಿಷ್ಯನಾಗಿ ಎಕೋಲ್ ಸೇರಿ, ಸ್ಪೇನ್ ನೋಡಿಕೊಂಡು 1870ರಲ್ಲಿ ಊರಿಗೆ ಮರಳಿದ. 1875ರಲ್ಲಿ ಅವನು ಬರೆದ 'ಗ್ರಾಸ್ ಕ್ಲಿನಿಕ್' ಎಂಟು ಅಡಿ ಎತ್ತರದ ಚಿತ್ರ. ಕಪ್ಪು ಕೋಟಿನ ಡಾ. ಸ್ಯಾಮ್ಯುಯಲ್ ಗ್ರಾಸ್ ತೊಡೆಯ ಶಸ್ತ್ರಕ್ರಿಯೆಯ ನಡುವೆ ಪಾಠ ಹೇಳಲು ತಿರುಗಿ ನಿಂತಿದ್ದಾರೆ. ಮೇಲಿನಿಂದ ಬೀಳುವ ಬೆಳಕು ಅವರ ಹಣೆಯ ಮೇಲೂ ರಕ್ತ ಹತ್ತಿದ ಬೆರಳುಗಳ ಮೇಲೂ ನಿಂತಿದೆ. ಪಕ್ಕದಲ್ಲಿ ಹೆಂಗಸೊಬ್ಬಳು ಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡಿದ್ದಾಳೆ. ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ವರ್ಷವಾದ 1876ರ ಶತಮಾನೋತ್ಸವ ಪ್ರದರ್ಶನದ ಕಲಾವಿಭಾಗ ಈ ಚಿತ್ರವನ್ನು ಒಲ್ಲೆನೆಂದಿತು. ಅದು ತೂಗಿದ್ದು ಅದೇ ಪ್ರದರ್ಶನದ ಸೇನಾ ಆಸ್ಪತ್ರೆಯ ಮಾದರಿ ವಾರ್ಡಿನಲ್ಲಿ. ಕೊನೆಗೆ ಜೆಫರ್ಸನ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಅದನ್ನು 200 ಡಾಲರಿಗೆ ಕೊಂಡು ಕಾಲೇಜಿಗೆ ಕೊಟ್ಟರು.

ಅಕಾಡೆಮಿಯಲ್ಲಿ ಅಧ್ಯಾಪಕನಾಗಿ ಈಕಿನ್ಸ್ ಹಳೆಯ ಕ್ರಮವನ್ನು ತಲೆಕೆಳಗು ಮಾಡಿದ. ಪ್ಲಾಸ್ಟರ್ ಪ್ರತಿಕೃತಿಗಳ ಮುಂದೆ ವರ್ಷಗಟ್ಟಲೆ ಕೂರುವುದು ವ್ಯರ್ಥವೆಂದು ಬೇಗನೆ ಕುಂಚವನ್ನೇ ಕೈಗೆ ಕೊಟ್ಟ. ವಿದ್ಯಾರ್ಥಿಗಳು ಶವಚ್ಛೇದನ ಮಾಡಿದರು, ಕುದುರೆಯ ದೇಹವನ್ನೂ ಬಿಡಿಸಿ ನೋಡಿದರು. ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ತಿಳಿಯದವನು ಚಲನೆಯನ್ನು ಬರೆಯಲಾರ ಎಂಬುದು ಅವನ ನಂಬಿಕೆ. 1882ರಲ್ಲಿ ಅವನು ಅಕಾಡೆಮಿಯ ನಿರ್ದೇಶಕನಾದ. ಹೆಣ್ಣುಮಕ್ಕಳಿಗೂ ಇದೇ ಪಾಠ ಎಂದು ಹಟ ಹಿಡಿದು, 1886ರಲ್ಲಿ ಅವರ ತರಗತಿಯಲ್ಲಿ ಗಂಡು ಮಾದರಿಯ ಸೊಂಟದ ಬಟ್ಟೆಯನ್ನು ತೆಗೆಸಿದ. ಬೇರೆ ದೂರುಗಳೂ ಇದ್ದವು. ಆಡಳಿತ ಮಂಡಳಿ ರಾಜೀನಾಮೆ ಪಡೆಯಿತು. ಕೆಲವು ವಿದ್ಯಾರ್ಥಿಗಳು ಅವನೊಂದಿಗೇ ಹೊರಬಂದು ಬೇರೆ ಶಾಲೆ ಕಟ್ಟಿದರು. ಅಲ್ಲಿ ಅವನು ಸಂಬಳವಿಲ್ಲದೆ ಕಲಿಸಿದ.

ಈಕಿನ್ಸ್‌ನ ಶಿಷ್ಯರಲ್ಲಿ ಹೆನ್ರಿ ಒಸಾವ ಟ್ಯಾನರ್ ಒಬ್ಬ. ಕರಿಯ ಜನರ ಚರ್ಚಿನ ಧರ್ಮಗುರುವಿನ ಮಗ, 1879ರಲ್ಲಿ ಅಕಾಡೆಮಿಗೆ ಸೇರಿದವನು. ತರಗತಿಯ ಬಾಗಿಲು ಅವನಿಗೆ ತೆರೆದಿತ್ತು, ಆದರೆ ಬಣ್ಣದ ಕಾರಣಕ್ಕೆ ಕೆಲವು ಸಹಪಾಠಿಗಳ ಕಿರುಕುಳ ತಪ್ಪಲಿಲ್ಲ. ಅಟ್ಲಾಂಟಾದಲ್ಲಿ ಫೋಟೋ ಸ್ಟುಡಿಯೊ ನಡೆಸಿದ, ಅದು ಕೈಗೂಡಲಿಲ್ಲ. 1891ರಲ್ಲಿ ರೋಮ್‌ಗೆಂದು ಹೊರಟವನು ಪ್ಯಾರಿಸ್‌ನಲ್ಲೇ ಉಳಿದು ಅಕಾಡೆಮಿ ಜೂಲಿಯನ್ ಸೇರಿದ. 1868ರಲ್ಲಿ ರೊಡಾಲ್ಫ್ ಜೂಲಿಯನ್ ತೆರೆದ ಈ ಖಾಸಗಿ ಶಾಲೆಗೆ ಪ್ರವೇಶ ಪರೀಕ್ಷೆ ಇರಲಿಲ್ಲ, ಶುಲ್ಕ ಕಟ್ಟಿದರೆ ಸಾಕು. ಹೆಣ್ಣುಮಕ್ಕಳಿಗೂ ಜಾಗವಿತ್ತು, ಆದರೆ ಶುಲ್ಕ ಗಂಡಸರದ್ದಕ್ಕಿಂತ ಹೆಚ್ಚು. ಕಿಕ್ಕಿರಿದ ಹಾಲ್‌ನಲ್ಲಿ ಈಸೆಲ್‌ಗೆ ಈಸೆಲ್ ತಾಗುವಂತೆ ನಿಂತು ಒಂದೇ ಮಾದರಿಯನ್ನು ಎಲ್ಲರೂ ಬರೆಯುತ್ತಿದ್ದರು. ಗುರುಗಳು ಆಗಾಗ ಬಂದು ತಿದ್ದಿ ಹೋಗುತ್ತಿದ್ದರು.

1893ರ 'ಬ್ಯಾಂಜೊ ಪಾಠ' ಟ್ಯಾನರ್‌ನ ಎರಡು ಶಾಲೆಗಳ ಫಲ. ಬಡ ಮನೆಯೊಳಗೆ ಮುದುಕನ ಮಂಡಿಗಳ ನಡುವೆ ನಿಂತ ಹುಡುಗ ತಂತಿ ಮೀಟುತ್ತಿದ್ದಾನೆ. ವಾದ್ಯದ ಭಾರ ಹುಡುಗನಿಗೆ ಬೀಳದಂತೆ ಮುದುಕ ಅದರ ಕೊರಳನ್ನು ಹಿಡಿದಿದ್ದಾನೆ. ಒಂದು ಕಡೆ ಒಲೆಯ ಬೆಚ್ಚನೆ ಬೆಳಕು, ಇನ್ನೊಂದು ಕಡೆ ತಣ್ಣನೆಯ ಹಗಲ ಬೆಳಕು. ಆ ಕಾಲದ ಅಮೆರಿಕದ ಪತ್ರಿಕೆಗಳಲ್ಲಿ ಬ್ಯಾಂಜೊ ಹಿಡಿದ ಕರಿಯ ಮನುಷ್ಯ ನಗೆಪಾಟಲಿನ ವಸ್ತುವಾಗಿದ್ದ. ಇಲ್ಲಿ ಅವನು ಗುರು. 1897ರಲ್ಲಿ ಟ್ಯಾನರ್‌ನ 'ಲಾಜರಸ್‌ನ ಪುನರುತ್ಥಾನ'ವನ್ನು ಫ್ರೆಂಚ್ ಸರ್ಕಾರ ಕೊಂಡುಕೊಂಡಿತು. ಅವನು ಫ್ರಾನ್ಸ್‌ನಲ್ಲೇ ನೆಲೆಸಿ 1937ರಲ್ಲಿ ತೀರಿಕೊಂಡ.

ಫಿಲಡೆಲ್ಫಿಯಾದಲ್ಲಿ ಈಕಿನ್ಸ್ ಬಿಟ್ಟುಹೋದ ತರಗತಿಗಳನ್ನು ಅವನ ಶಿಷ್ಯ ಥಾಮಸ್ ಆನ್‌ಶುಟ್ಸ್ ಮುಂದುವರಿಸಿದ. ಪ್ಯಾರಿಸ್‌ನ ಜೂಲಿಯನ್ ಶಾಲೆಯಲ್ಲಿ ಕಲಿತು ಬಂದ ಚಿತ್ರಕಾರ್ತಿ ಸಿಸೀಲಿಯಾ ಬೋ 1895ರಲ್ಲಿ ಪೆನ್ಸಿಲ್ವೇನಿಯಾ ಅಕಾಡೆಮಿಯಲ್ಲಿ ಅಧ್ಯಾಪಕಿಯಾದಳು. ಆನ್‌ಶುಟ್ಸ್‌ನ ಕೈಕೆಳಗೆ ಕಲಿತ ರಾಬರ್ಟ್ ಹೆನ್ರಿ ಮತ್ತು ಜಾನ್ ಸ್ಲೋನ್ 1908ರಲ್ಲಿ ನ್ಯೂಯಾರ್ಕಿನಲ್ಲಿ ಗೆಳೆಯರೊಡನೆ ಕೂಡಿ ಪ್ರದರ್ಶನ ನಡೆಸಿ, ಬೀದಿಯ ಸಾಮಾನ್ಯ ಜನರನ್ನು ಚಿತ್ರದೊಳಕ್ಕೆ ತಂದರು.