ಟೊಮೆಟೊ ಮುಟುರು ರೋಗ: ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಏಕೆ?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ, ಮುಂದೆ ಸಸ್ಯರೋಗಶಾಸ್ತ್ರ ಕಲಿತವನು ನಾನು. ಊರಿಗೆ ಬಂದಾಗ ಟೊಮೆಟೊ ಹಾಕಿದವರು ಕೇಳುವುದು ಒಂದೇ ಮಾತು: “ಬೀಜ ಒಂದೇ, ಗೊಬ್ಬರ ಒಂದೇ, ಬಂದ ರೋಗವೂ ಒಂದೇ. ಪಕ್ಕದ ಹೊಲದವರಿಗೆ ಅರ್ಧ ಬೆಳೆಯಾದರೂ ಸಿಕ್ಕಿತು. ನನಗೆ ಕೂಲಿಯೂ ಹುಟ್ಟಲಿಲ್ಲ. ಯಾಕಪ್ಪ?”

ಎಲೆ ಮುಟುರು ರೋಗಕ್ಕೆ ಕಾರಣ ಒಂದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿ ನೊಣ. ಗಿಡ ಸುಮ್ಮನಿರುವುದಿಲ್ಲ, ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ ಕತ್ತರಿಸುತ್ತದೆ. ವೈರಸ್ ತನ್ನ ಪ್ರೋಟೀನುಗಳಿಂದ ಆ ಕತ್ತರಿಯನ್ನೇ ಮೊಂಡು ಮಾಡುತ್ತದೆ. ಯಾರ ಕೈ ಮೇಲಾಯಿತು ಎಂಬುದರ ಮೇಲೆ ರೋಗದ ಬಿರುಸು ನಿಂತಿದೆ.

ಕೆಲವೊಮ್ಮೆ ಬೀಟಾಸ್ಯಾಟಲೈಟ್ ಎಂಬ ಡಿಎನ್‌ಎ ತುಣುಕೂ ಜೊತೆಗೂಡುತ್ತದೆ. ವೈರಸ್ಸಿನ ಡಿಎನ್‌ಎಯ ಅರ್ಧದಷ್ಟು ಉದ್ದದ ಅದು ತಾನೊಂದೇ ಹೆಚ್ಚಲಾರದು. ಆದರೆ ವೈರಸ್ಸಿನೊಡನೆ ಸೇರಿದರೆ ಗಿಡದ ಕಾವಲನ್ನು ಮತ್ತಷ್ಟು ಕುಗ್ಗಿಸಿ ರೋಗವನ್ನು ಜೋರು ಮಾಡಬಲ್ಲದು.

ರೈತರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ರೋಗ ತಗುಲಿದಾಗ ಗಿಡಕ್ಕಿದ್ದ ವಯಸ್ಸು. ನಾಟಿಯಾದ ಮೊದಲ ಮೂರು ನಾಲ್ಕು ವಾರಗಳಲ್ಲೇ ತಗುಲಿದರೆ ಗಿಡ ಕುಳ್ಳಾಗಿ, ಹೂ ಉದುರಿ, ಕಾಯಿ ಕಚ್ಚುವುದೇ ಕಷ್ಟ. ಕಾಯಿ ಕಚ್ಚಿದ ಮೇಲೆ ತಗುಲಿದರೆ ನಷ್ಟ ಬಹಳ ಕಡಿಮೆ. ಪಕ್ಕದ ಹೊಲದ ಗುಟ್ಟು ಹೆಚ್ಚಾಗಿ ಇದೇ.

1999ರಲ್ಲಿ ಕೋಲಾರದಲ್ಲಿ ಹೊರಗಿನಿಂದ ಬಂದ ಬಿಳಿ ನೊಣದ ಬಗೆಯೊಂದು ಕಾಣಿಸಿಕೊಂಡಿತು. ಮುಟುರು ರೋಗವೂ ಅಲ್ಲಿ ಜೋರಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಈ ರೋಗ ತಡೆಯುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ಕೊಟ್ಟಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ರಕ್ಷಕ್ ಕೊಟ್ಟಿತು.

ಎಲೆ ಸುರುಟಿದ ಮೇಲೆ ಸಾಲ ಮಾಡಿ ಔಷಧಿ ಹೊಡೆಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ಆ ಔಷಧಿ ನೊಣವನ್ನು ಕೊಂದೀತು, ಗಿಡದೊಳಗಿನ ವೈರಸ್ಸನ್ನಲ್ಲ. ಅದೇ ಹಣದಲ್ಲಿ ಸಸಿ ಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ. ರೋಗವಿರುವ ಹಳೆಯ ಬೆಳೆಯ ಪಕ್ಕದಲ್ಲಿ ಹೊಸ ನಾಟಿ ಬೇಡ. ಮುಟುರಿದ ಎಳೆ ಗಿಡ ಕಂಡ ದಿನವೇ ಕಿತ್ತು ಹೂಳಿ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಟೊಮೆಟೊಗೆ ಈ ಮಾತು ಅಕ್ಷರಶಃ ನಿಜ. ಮಕ್ಕಳೇ, ಇಂದು ಮನೆಗೆ ಹೋಗಿ ಇದನ್ನು ಅಪ್ಪ ಅಮ್ಮನಿಗೆ ಹೇಳಿ.