ಜ್ಞಾನಕ್ಕೆ ಹಣದ ಹಂಗೇಕೆ?



ಯುನೆಸ್ಕೊ ಎಂದೊಡನೆ ನಮಗೆ ನೆನಪಾಗುವುದು, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ. ಆದರೆ ಆ ಸಂಸ್ಥೆ ಸ್ಮಾರಕಗಳಿಗಷ್ಟೇ ಸೀಮಿತವಲ್ಲ. ಶಿಕ್ಷಣ, ವಿಜ್ಞಾನ, ಸಂಸ್ಕೃತಿ, ಮಾಧ್ಯಮಗಳಲ್ಲಿ ರಾಷ್ಟ್ರಗಳು ಕೈಜೋಡಿಸಬೇಕೆಂಬುದೇ ಅದರ ಮೂಲ ಆಶಯ. 1956ರಲ್ಲಿ ಅದರ ಮಹಾ ಅಧಿವೇಶನವು ಹೊಸದಿಲ್ಲಿಯಲ್ಲಿ ಜರಗಿದಾಗ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರು ಮೌಲಾನಾ ಅಬುಲ್ ಕಲಾಂ ಆಝಾದ್.

ಆದರೆ ಬಲಾಢ್ಯರಿಗೆ ಈ ಸಹಕಾರ ಎಲ್ಲಿಯ ತನಕ ಬೇಕು? ಜಗತ್ತಿನ ಸುದ್ದಿಯ ಹರಿವು ಏಕಮುಖವಾಗಿದೆ ಎಂದು 1980ರಲ್ಲಿ ಮೆಕ್‌ಬ್ರೈಡ್ ಆಯೋಗ ಎತ್ತಿ ತೋರಿಸಿತು. ನಮ್ಮ ಪತ್ರಕರ್ತ ಬಿ.ಜಿ. ವರ್ಗೀಸ್ ಅದರ ಸದಸ್ಯರಾಗಿದ್ದರು. ಈ ಚರ್ಚೆಯ ಬಗ್ಗೆ ಮುನಿಸಿಕೊಂಡವರಲ್ಲಿ ಅಮೆರಿಕ ಪ್ರಮುಖವಾಗಿತ್ತು. 1984ರ ಕೊನೆಗೆ ಅದು ಹೊರನಡೆಯಿತು. ಮರಳಿದ್ದು 2003ರಲ್ಲಿ. 2011ರಲ್ಲಿ ಭಾರತವೂ ಸೇರಿದಂತೆ 107 ರಾಷ್ಟ್ರಗಳು ಫೆಲೆಸ್ತೀನಿನ ಸದಸ್ಯತ್ವವನ್ನು ಬೆಂಬಲಿಸಿದಾಗ, ಬಜೆಟ್‌ನ ಐದನೇ ಒಂದು ಭಾಗಕ್ಕೂ ಮಿಕ್ಕಿದ ತನ್ನ ವಂತಿಗೆಯನ್ನು ಅದು ನಿಲ್ಲಿಸಿತು. 2018ರ ಕೊನೆಗೆ ಮತ್ತೆ ಹೊರನಡೆದು, 2023ರಲ್ಲಿ ಮರಳಿ, 2025ರಲ್ಲಿ ಪುನಃ ನಿರ್ಗಮನವನ್ನು ಘೋಷಿಸಿತು.

ಹಣ ನಿಂತರೆ ಸೊರಗುವುದು ಬಡ ರಾಷ್ಟ್ರಗಳ ಶಾಲೆಗಳಿಗೆ ಸಲ್ಲಬೇಕಾದ ನೆರವು. ಹಾಗಾದರೆ ನಾವೇನು ಮಾಡಬಹುದು? ಅಧ್ಯಾಪಕರು, ವಿಜ್ಞಾನಿಗಳು, ಸಾಹಿತಿಗಳನ್ನು ಯುನೆಸ್ಕೊದೊಂದಿಗೆ ಬೆಸೆಯಲು ಸದಸ್ಯ ರಾಷ್ಟ್ರಗಳಲ್ಲಿ ರಾಷ್ಟ್ರೀಯ ಆಯೋಗಗಳಿವೆ. ಭಾರತದ ಆಯೋಗವು 1949ರಲ್ಲೇ ಸ್ಥಾಪನೆಯಾಗಿದೆ. ಅದು ಅಧಿಕಾರಿಗಳ ಕಡತಗಳಲ್ಲಿ ಉಳಿಯದೆ ವಿದ್ವಾಂಸರ, ಪತ್ರಕರ್ತರ ವೇದಿಕೆಯಾಗಲಿ ಎಂದು ಆಗ್ರಹಿಸುವ ಹಕ್ಕು ನಮಗಿದೆ. ಮತ ಚಲಾಯಿಸಿದರೆ ಸಾಲದು. ಆ ಮತದ ಹಿಂದೆ ಜನರ ಅರಿವೂ ಇರಬೇಕು. ಧನಬಲಕ್ಕೆ ಉತ್ತರ ಅಲ್ಲಿದೆ.